ಕೊಪ್ಪಳದ ನೀರು, ಕಾಂಗ್ರಾದ ಎಲೆ: ಗ್ರೀನ್ ಟೀ ಪ್ರಯೋಗ ಎಲ್ಲಿಗೆ ಬಂತು

ಯುಗಾದಿ ಆದ ಮೇಲೆ

ಗ್ರೀನ್ ಟೀ ಪ್ರಯೋಗದಲ್ಲಿ ಈ ಸಲ ಎಲೆಗಿಂತ ನೀರಿಗೇ ಹೆಚ್ಚು ಹೊತ್ತು ಹೋಯಿತು. ಎಲೆ ಒಂದೇ, ತೂಕ ಒಂದೇ, ಬಿಸಿ ಒಂದೇ. ನೀರು ಮಾತ್ರ ಮೂರು ಬಗೆ: ಹಿತ್ತಲ ಬೋರಿನದು, ನಳಕ್ಕೆ ಬರುವ ತುಂಗಭದ್ರೆಯದು, ಓಣಿಯ ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತಂದದ್ದು. ಬೋರ್ ನೀರಿನ ಚಹಾ ಮಂಕಾಗಿ ಕಂದುಬಣ್ಣಕ್ಕೆ ತಿರುಗಿತು, ಆರುತ್ತಿದ್ದ ಹಾಗೆ ಮೇಲೊಂದು ತೆಳ್ಳನೆಯ ಪೊರೆ ಕಟ್ಟಿತು. ಗಡಸು ನೀರಿನ ಕ್ಯಾಲ್ಸಿಯಂ, ಬೈಕಾರ್ಬನೇಟ್‌ಗಳು ಎಲೆಯಲ್ಲಿ ಒಗರು ಕೊಡುವ ಪಾಲಿಫಿನಾಲ್ ಜೊತೆ ಸೇರಿದಾಗ ಆಗುವುದು ಇದು. ಹಾಲು, ಸಕ್ಕರೆ, ಶುಂಠಿ ಹಾಕಿ ಕುದಿಸಿದ ಚಹಾದಲ್ಲಿ ಇವೆಲ್ಲ ಮುಚ್ಚಿಹೋಗುತ್ತವೆ. ಗ್ರೀನ್ ಟೀಯಲ್ಲಿ ಮುಚ್ಚಿಕೊಳ್ಳಲು ಜಾಗವೇ ಇಲ್ಲ.

ಹಾಗಂತ ಕ್ಯಾನ್ ನೀರು ಗೆದ್ದಿತೆಂದೂ ಅಲ್ಲ. ಬಣ್ಣ ತಿಳಿಯಾಗಿ ಬಂತು, ರುಚಿ ಮಾತ್ರ ಸಪ್ಪೆ. ನೀರಿನಲ್ಲಿ ಕರಗಿದ ಖನಿಜ, ಲವಣ ಎಷ್ಟೆಂದು ತೋರಿಸುವ ಟಿಡಿಎಸ್ ಮೀಟರ್ ಅದ್ದಿ ನೋಡಿದರೆ ಕ್ಯಾನಿನದು ನಲವತ್ತರ ಆಚೀಚೆ, ಬೋರಿನದು ಸಾವಿರ ದಾಟಿತ್ತು. ಖನಿಜಾಂಶ ಬಹುಪಾಲು ತೆಗೆದ ನೀರಿನಲ್ಲಿ ಚಹಾದ ರುಚಿ ನಿಲ್ಲುವುದಿಲ್ಲ. ಕೊನೆಗೆ ಕೂಡಿಬಂದದ್ದು ಕ್ಯಾನಿನದು ಎರಡು ಪಾಲು, ಕುದಿಸಿ ತಿಳಿಗೊಳಿಸಿದ ನಳದ ನೀರು ಒಂದು ಪಾಲು. ಕುದಿಸಿದಾಗ ಪಾತೇಲಿ ತಳಕ್ಕೆ ಬಿಳಿ ಕಟ್ಟುತ್ತದಲ್ಲ, ಅಷ್ಟು ಗಡಸುತನ ಅಲ್ಲೇ ಇಳಿದುಬಿಡುತ್ತದೆ.

ಬೋರ್ ನೀರನ್ನು ಕೈಬಿಡಲು ರುಚಿಗಿಂತ ದೊಡ್ಡ ಕಾರಣವೂ ಇದೆ. ಕುಷ್ಟಗಿ, ಯಲಬುರ್ಗಾ ಕಡೆಯ ಅಂತರ್ಜಲದಲ್ಲಿ, ಮಿತಿ ಮೀರಿದರೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಹೆಚ್ಚು ಅನ್ನುವುದು ನಮ್ಮ ಜಿಲ್ಲೆಯವರಿಗೆ ಹೊಸ ಸುದ್ದಿಯಲ್ಲ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದ ಕಡೆ ಹೆಚ್ಚೆಂದರೆ 1.5. ಚಹಾ ಗಿಡವೂ ಮಣ್ಣಿನ ಫ್ಲೋರೈಡನ್ನು ಹೀರಿ ಎಲೆಯಲ್ಲಿ ಕೂಡಿಡುವ ಜಾತಿಯದು. ಕುಡಿಯಲ್ಲಿ ಕಡಿಮೆ, ಬಲಿತ ಎಲೆಯಲ್ಲಿ ಹೆಚ್ಚು. ಆ ನೀರಿನಲ್ಲಿ ಈ ಎಲೆ ಹಾಕಿ ದಿನಕ್ಕೆ ನಾಲ್ಕು ಗ್ಲಾಸು ಕುಡಿದು ಆರೋಗ್ಯ ಸುಧಾರಿಸಿತು ಅಂದುಕೊಳ್ಳುವುದರಲ್ಲಿ ಅರ್ಥವಿಲ್ಲ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಕುಷ್ಟಗಿ ಹತ್ತಿರದ ಹಳ್ಳಿಯಲ್ಲಿರುವ ಅಕ್ಕನಿಗೆ ಇದನ್ನು ಹೇಳಿದೆ. "ತಮ್ಮಾ, ಕ್ಯಾನ್ ನೀರು ಕುಡ್ಯಾಕ ಸಾಲವಲ್ದು, ಚಾಕ್ಕೂ ಅದನ್ನ ಹಾಕಂತೀಯಲ್ಲ" ಅಂದಳು. ಅವಳು ಹೇಳಿದ್ದೂ ಸರಿಯೇ. ಆದರೂ ಗ್ರೀನ್ ಟೀಗೆ ಬೇಕಾದದ್ದು ಒಂದು ಗ್ಲಾಸು ನೀರು ತಾನೆ.

ಬಿಸಿಲು ಏರಿದ ಮೇಲೆ

ಈಗ ಬಿಸಿಯ ಲೆಕ್ಕ. ಗ್ರೀನ್ ಟೀಗೆ 70ರಿಂದ 80 ಡಿಗ್ರಿ ಸಾಕು. ನೀರು ಹೆಚ್ಚು ಬಿಸಿಯಿದ್ದಷ್ಟೂ ಕಹಿ, ಒಗರು ಕೊಡುವ ಕ್ಯಾಟೆಚಿನ್‌ಗಳು ಬೇಗ ಇಳಿಯುತ್ತವೆ. ಸವಿ ಕೊಡುವ ಥಿಯಾನಿನ್‌ಗೆ ಅಷ್ಟು ಬಿಸಿ ಬೇಕಿಲ್ಲ. ಪೊಟ್ಟಣದ ಮೇಲೆ "ಕುದಿಸಿ ಐದು ನಿಮಿಷ ಬಿಡಿ" ಅಂತ ಬರೆದಿರುತ್ತಾರೆ. ಎಂಥ ಪಾತ್ರೆಯಲ್ಲಿ, ಎಂಥ ಹವೆಯಲ್ಲಿ ಅಂತ ಬರೆಯುವುದಿಲ್ಲ. ಅಡುಗೆಮನೆಯೇ ಮೂವತ್ತೆಂಟು ಡಿಗ್ರಿ ಕಾದಿರುವ ಊರಿನಲ್ಲಿ, ಮುಚ್ಚಳ ಹಾಕಿದ ದಪ್ಪ ಪಾತೇಲಿಯ ನೀರು ಐದು ನಿಮಿಷಕ್ಕೆಲ್ಲ ಬಗ್ಗುವುದಿಲ್ಲ. ಹಾಗಾಗಿ ಗಡಿಯಾರ ಬಿಟ್ಟು ಪಾತ್ರೆ ಬದಲಿಸುವ ದಾರಿ ಹಿಡಿದೆ: ಪಾತೇಲಿಯಿಂದ ಚರಿಗೆಗೆ, ಚರಿಗೆಯಿಂದ ಪಿಂಗಾಣಿ ಮಗ್ಗಿಗೆ. ಥರ್ಮಾಮೀಟರ್ ಇಟ್ಟು ನೋಡಿದಾಗ ಪಾತ್ರೆ ಬದಲಾದಾಗಲೆಲ್ಲ ಹತ್ತು ಡಿಗ್ರಿ ಆಸುಪಾಸು ಇಳಿಯಿತು. ಜಪಾನಿನಲ್ಲಿ ನೀರು ಆರಿಸಲೆಂದೇ ಬೇರೆ ಬಟ್ಟಲು ಇಟ್ಟುಕೊಳ್ಳುತ್ತಾರೆ, ಯುಜಮಾಶಿ ಅಂತ ಅದರ ಹೆಸರು. ನಮ್ಮಲ್ಲಿ ಚರಿಗೆ ಇದೆ.

2 ಗ್ರಾಂ ಎಲೆಗೆ 150 ಮಿಲಿಲೀಟರ್ ನೀರು, ಎರಡು ನಿಮಿಷ, ಆಮೇಲೆ ಪೂರ್ತಿ ಸೋಸುವುದು. ಎಲೆಯನ್ನು ಗ್ಲಾಸಿನಲ್ಲೇ ಬಿಟ್ಟು ಕುಡಿಯುತ್ತ ಕೂತರೆ ಕೊನೆಯ ಗುಟುಕು ಬಾಯಿಗಿಡಲಾಗುವುದಿಲ್ಲ. ಸೋಸಿದ ಎಲೆಗೆ ಎರಡನೇ ಸಲ ನೀರು ಹಾಕಬಹುದು, ಹಿಮಾಚಲದ ಕಾಂಗ್ರಾ ಎಲೆಯಲ್ಲಿ ನನಗೆ ಎರಡನೆಯದೇ ಹೆಚ್ಚು ಹಿಡಿಸಿತು.

ಎಲೆಯ ವಿಷಯ

ಇಲ್ಲಿನ ಅಂಗಡಿಗಳಲ್ಲಿ ಸಿಗುವುದು ಬಹುಮಟ್ಟಿಗೆ ಟೀ ಬ್ಯಾಗು. ತುಳಸಿ, ಲಿಂಬೆ, ಜೇನು ಅಂತ ಬಗೆಬಗೆಯವು. ಒಳಗಿರುವುದು ಸಾಮಾನ್ಯವಾಗಿ ಪುಡಿ ಎಲೆ, ಒಮ್ಮೆಲೇ ಎಲ್ಲ ಬಿಟ್ಟುಕೊಡುತ್ತದೆ. ಬಿಡಿ ಎಲೆ ಬೇಕೆಂದರೆ ಕೊರಿಯರ್ ಒಂದೇ ಗತಿ. ನಾನು ತರಿಸಿದ್ದು ನೀಲಗಿರಿಯದು, ಕಾಂಗ್ರಾದ್ದು, ಮತ್ತೆ ಆಸೆಗೆ ಬಿದ್ದು ಜಪಾನಿನ ಸೆಂಚಾ ಚಿಕ್ಕ ಪೊಟ್ಟಣ.

ಕಪ್ಪು ಚಹಾ, ಹಸಿರು ಚಹಾ ಎರಡೂ ಒಂದೇ ಗಿಡದವು. ಕಿತ್ತ ಎಲೆಗೆ ಬೇಗನೆ ಶಾಖ ಕೊಟ್ಟು ಅದನ್ನು ಕಪ್ಪಾಗಿಸುವ ಕಿಣ್ವವನ್ನು ನಿಲ್ಲಿಸಿದರೆ ಹಸಿರು ಉಳಿಯುತ್ತದೆ. ಜಪಾನಿನವರು ಹೆಚ್ಚಾಗಿ ಹಬೆಯಲ್ಲಿ ಬೇಯಿಸುತ್ತಾರೆ, ಚೀನಾದವರು ಹೆಚ್ಚಾಗಿ ಬಾಣಲೆಯಲ್ಲಿ ಹುರಿಯುತ್ತಾರೆ. ಹುರಿದದ್ದಕ್ಕೆ ಬೇಳೆ ಹುರಿಯುವಾಗಿನಂಥ ಪರಿಮಳ, ಹಬೆಯದಕ್ಕೆ ಹಸಿ ಸೊಪ್ಪಿನ ವಾಸನೆ ಉಳಿದಿರುತ್ತದೆ. ಸೆಂಚಾ ನಮ್ಮ ಮನೆಯಲ್ಲಿ ಯಾರಿಗೂ ಒಗ್ಗಲಿಲ್ಲ. ಬೆಲೆಯೂ ನನಗೆ ಒಗ್ಗಲಿಲ್ಲ ಅನ್ನಿ.

ಕಾಂಗ್ರಾ ಮನಸ್ಸಿಗೆ ಹತ್ತಲು ಅದರ ಕಥೆಯೂ ಒಂದು ಕಾರಣ. ಹಿಮಾಚಲದ ಆ ಕಣಿವೆಯಲ್ಲಿ 19ನೇ ಶತಮಾನದ ನಡುಭಾಗದಲ್ಲಿ ನೆಟ್ಟದ್ದು ಸಣ್ಣೆಲೆಯ ಚೀನಾ ತಳಿ. ಅಲ್ಲಿನ ಹಸಿರು ಚಹಾ ಅಮೃತಸರದ ವ್ಯಾಪಾರಿಗಳ ಕೈಯಿಂದ ಕಾಬೂಲಿನವರೆಗೂ ಹೋಗುತ್ತಿತ್ತು. 1905ರ ಭೂಕಂಪದಲ್ಲಿ ತೋಟ, ಕಾರ್ಖಾನೆ ನೆಲಕಚ್ಚಿದವು, ಯುರೋಪಿನ ತೋಟಗಾರರು ಬಿಟ್ಟುಹೋದರು. ಆ ಹೊಡೆತದಿಂದ ಕಾಂಗ್ರಾ ಪೂರ್ತಿ ಚೇತರಿಸಿಕೊಳ್ಳಲೇ ಇಲ್ಲ. 2005ರಲ್ಲಿ ಭೌಗೋಳಿಕ ಸೂಚ್ಯಂಕ (ಊರಿನ ಹೆಸರಿಗೆ ಸಿಗುವ ಜಿಐ ಮಾನ್ಯತೆ) ಸಿಕ್ಕರೂ ನಮ್ಮ ಕಡೆಯ ಅಂಗಡಿಯಲ್ಲಿ ಆ ಹೆಸರು ಕಂಡಿಲ್ಲ. ನೀಲಗಿರಿಯದು ಅಗ್ಗ, ಹತ್ತಿರದ್ದು, ವರ್ಷವಿಡೀ ಕೀಳುತ್ತಾರೆ. ದಿನಬಳಕೆಗೆ ಅದೇ ಸರಿ.

ಪೊಟ್ಟಣ ಕೊಳ್ಳುವಾಗ ನಾನು ಮೊದಲು ನೋಡುವುದು ತಯಾರಾದ ತಿಂಗಳು. ಹಸಿರು ಚಹಾ ಹಳತಾದಷ್ಟೂ ಸತ್ವ ಕಳೆದುಕೊಳ್ಳುತ್ತದೆ, ನಮ್ಮ ಬೇಸಿಗೆಯಲ್ಲಿ ಇನ್ನೂ ಬೇಗ. ಒಲೆ ಮೇಲಿನ ಗೂಡಿನಲ್ಲಂತೂ ಇಡಬಾರದು. ಫ್ರಿಜ್ಜಿನಲ್ಲಿಡುವುದಾದರೆ ಗಾಳಿಯಾಡದ ಡಬ್ಬಿ ಬೇಕು, ಇಲ್ಲವಾದರೆ ಬೆಳ್ಳುಳ್ಳಿ ವಾಸನೆ ಹಿಡಿಯುತ್ತದೆ. ಹೊರತೆಗೆದ ಡಬ್ಬಿಯ ತಣ್ಪು ಪೂರ್ತಿ ಹೋದ ಮೇಲೆಯೇ ಮುಚ್ಚಳ ತೆಗೆಯಬೇಕು, ಅವಸರ ಮಾಡಿದರೆ ಒಳಗೆ ನೀರು ಪಸೆಯುತ್ತದೆ.

ಮೇ ತಿಂಗಳು

ತಣ್ಣೀರಿನ ಚಹಾ! ಇದನ್ನು ನಮ್ಮ ಊರಿಗಾಗಿಯೇ ಹುಡುಕಿದಂತಿದೆ. ಒಂದು ಲೀಟರ್ ನೀರಿಗೆ 8 ಗ್ರಾಂ ಎಲೆ ಹಾಕಿ ರಾತ್ರಿ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಸೋಸಿದರೆ ಮುಗಿಯಿತು. ಬಿಸಿ ಇಲ್ಲದ್ದರಿಂದ ಕಹಿ ಕಡಿಮೆ, ಕೆಫೀನೂ ಕಡಿಮೆ ಇಳಿಯುತ್ತದೆ. "ಹಾಲಿಲ್ಲ, ಸಕ್ರಿ ಇಲ್ಲ, ಇದಕ ಚಾ ಅಂತ ಹೆಸರು ಬ್ಯಾರೆ" ಅನ್ನುತ್ತಿದ್ದ ಅವ್ವ ಮಧ್ಯಾಹ್ನ ತಾನೇ ಗ್ಲಾಸು ಮುಂದೆ ಹಿಡಿದು "ಇನ್ನೊಂದೀಟು ಹಾಕಪಾ" ಅಂದಳು. ಅವಳಿಗೆ ಊಟದ ಜೊತೆ ಮಾತ್ರ ಕೊಡುವುದಿಲ್ಲ. ಸೊಪ್ಪು, ಕಾಳುಗಳ ಕಬ್ಬಿಣಾಂಶ ಮೈಗೆ ಹತ್ತದಂತೆ ಚಹಾ ತಡೆಯುತ್ತದೆ. ಅವ್ವನಿಗೆ ರಕ್ತ ಕಡಿಮೆ, ಗುಳಿಗೆ ನಡೆದಿದೆ. ಹಾಗಾಗಿ ಊಟಕ್ಕೂ ಚಹಾಕ್ಕೂ ನಡುವೆ ಒಂದೆರಡು ತಾಸು ಬಿಡುತ್ತೇವೆ.

ತೂಕ ಇಳಿಯಿತಾ ಅಂತ ಕೇಳುವವರಿಗೆ: ಇಲ್ಲ. ಜಾಹೀರಾತಿನಲ್ಲಿ ತೋರಿಸುವಷ್ಟು ಇಳಿಯುವುದೂ ಇಲ್ಲ. ಸಂಜೆಯ ಮಿರ್ಚಿ, ಮಂಡಕ್ಕಿ ಒಗ್ಗರಣೆ ನಾನೇನೂ ಬಿಟ್ಟಿಲ್ಲ. ಮಿರ್ಚಿ ಆದ ಮೇಲೆ ಗ್ರೀನ್ ಟೀ ಕುಡಿದು ನೋಡಿದೆ, ಕೂಡುವುದಿಲ್ಲ. ಅಲ್ಲಿ ಬೇಕಾದದ್ದು ಹಾಲಿನ ಖಡಕ್ ಚಹಾನೇ.

ಸದ್ಯಕ್ಕೆ ಬಾಕಿ ಇರುವುದು ಎರಡು ಕೆಲಸ. ಮಳೆ ಶುರುವಾಗಿ ನಳಕ್ಕೆ ಕೆಂಪು ನೀರು ಬರತೊಡಗಿದರೆ ಈ ಎರಡಕ್ಕೊಂದರ ಪಾಲು ನಡೆಯುವುದಿಲ್ಲ, ಆಗ ಹೊಸದಾಗಿ ಅಳೆಯಬೇಕು. ಇನ್ನೊಂದು, ಡಿಸೆಂಬರ್-ಜನವರಿಯ ಚಳಿಯಲ್ಲಿ ಕಿತ್ತ ನೀಲಗಿರಿ ಎಲೆಗೆ ಪರಿಮಳ ಹೆಚ್ಚು ಅನ್ನುತ್ತಾರೆ, ಅದನ್ನು ತರಿಸಿ ಕಾಂಗ್ರಾ ಪಕ್ಕದಲ್ಲಿಟ್ಟು ಕುಡಿದು ನೋಡಬೇಕು.