ಸ್ನ್ಯಾಪ್‌ಡ್ರ್ಯಾಗನ್‌ಗೆ ಡೌನಿ: ಈ ಚಳಿಗಾಲದ ಪಾಲಿಹೌಸ್ ದಿನಚರಿ

ನವೆಂಬರ್, ಎರಡನೇ ವಾರ

ಪಾಲಿಥಿನ್ ಹೊದಿಸಿದ ನಮ್ಮ ಪಾಲಿಹೌಸಿನ ಮೂರನೇ ಬೇಯಲ್ಲಿ (ಬೇ ಅಂದರೆ ಅದರ ಒಂದು ಅಂಕಣ) ಬೊಕೆಗೆಂದು ಬೆಳೆಸುವ ಸ್ನ್ಯಾಪ್‌ಡ್ರ್ಯಾಗನ್ ಹೂವಿನ ಪಿಂಕ್ ಸಾಲು ಉಳಿದವುಗಳ ಜೊತೆ ಏಳುತ್ತಿಲ್ಲ. ಎಲೆಯ ಹಸಿರು ಮಾಸಿದೆ, ಅಂಚು ಕೆಳಕ್ಕೆ ಮುದುರಿದೆ, ತುದಿಯಲ್ಲಿ ಗೆಣ್ಣು ಬಿಡದೆ ಎಲೆಗಳು ಒತ್ತೊತ್ತಾಗಿ ಗುಂಪುಗಟ್ಟಿವೆ. ಮೊದಲು ಗಮನಿಸಿದ್ದು ಕಳೆ ಕೀಳುವ ಅಕ್ಕ. "ಅಣ್ಣ, ಇವಕ್ಕೆ ಗೊಬ್ರ ಸಾಲ್ತಿಲ್ವೇನೋ ನೋಡಿ" ಅಂದರು. ಮೇಲ್ನೋಟಕ್ಕೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಆದರೆ ಗೊಬ್ಬರದ ಕೊರತೆಯಾಗಿದ್ದರೆ ಡ್ರಿಪ್ ಲೈನಿನ ಉದ್ದಕ್ಕೂ ಕಾಣಬೇಕಿತ್ತು. ಇಲ್ಲಿ ಒಂದು ಗಿಡ ಕುಗ್ಗಿದೆ, ಪಕ್ಕದ ಎರಡು ಚೆನ್ನಾಗಿವೆ, ಅದರಾಚೆಯ ಮೂರು ಮತ್ತೆ ಕುಗ್ಗಿವೆ.

ಸಂಶಯ ಬಂದ ಕೆಲವು ಎಲೆಗಳನ್ನು ಒದ್ದೆ ಕಾಗದದ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಬಾಯಿ ಕಟ್ಟಿ, ರಾತ್ರಿ ತಂಪಾದ ಕಡೆ ಇಟ್ಟೆ. ಬೆಳಿಗ್ಗೆ ಎಲೆಯ ಅಡಿಭಾಗದಲ್ಲಿ ಬೂದುಬಿಳಿ ತುಪ್ಪಟ. ಭೂತಗನ್ನಡಿಯಲ್ಲಿ ಮರದ ಕೊಂಬೆಯಂತೆ ಕವಲೊಡೆದ ಸಣ್ಣ ಕಡ್ಡಿಗಳು. ಅನುಮಾನವೇ ಬೇಡ, ಡೌನಿ. ನಮ್ಮ ಕಡೆ ದ್ರಾಕ್ಷಿ ಬೆಳೆಯುವವರು ಬೂಜು ತುಪ್ಪಟ ರೋಗ ಅನ್ನುತ್ತಾರಲ್ಲ, ಆ ಜಾತಿಯದ್ದು. ಬೂದಿ ರೋಗ ಬೇರೆ: ಅದು ಹೆಚ್ಚಾಗಿ ಎಲೆಯ ಮೇಲ್ಭಾಗದಲ್ಲಿ ಹಿಟ್ಟು ಉದುರಿಸಿದಂತೆ ಕಾಣುತ್ತದೆ, ಬೆರಳಲ್ಲಿ ಒರೆಸಿದರೆ ಬರುತ್ತದೆ. ಇವೆರಡನ್ನು ಬೇರೆ ಮಾಡಿ ನೋಡದೆ ಗಂಧಕ ಹೊಡೆದರೆ ದುಡ್ಡು ದಂಡ, ಡೌನಿಗೆ ಅದು ಮದ್ದಲ್ಲ.

ಅದೇ ವಾರ, ಸ್ವಲ್ಪ ಓದು

ಇದರ ಹೆಸರು ಪೆರೊನೊಸ್ಪೊರಾ ಆಂಟಿರೈನಿ. ನಿಜವಾದ ಶಿಲೀಂಧ್ರವಲ್ಲ, ಊಮೈಸೀಟ್ ಎಂಬ ಗುಂಪಿಗೆ ಸೇರಿದ್ದು. ಅಡಿಕೆಗೆ ಕೊಳೆರೋಗ ತರುವ ಫೈಟಾಫ್ತೊರಾ ಕೂಡ ಅದೇ ಗುಂಪಿನದು. ಮಲೆನಾಡಿನ ತೋಟಗಳಲ್ಲಿ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮುಂಚೆಯೇ ಹೊಡೆಯುತ್ತಾರೆ, ಅಡಿಕೆ ಗೊನೆ ಕೊಳೆತ ಮೇಲೆ ಅಲ್ಲ. ಆ ದ್ರಾವಣ ಹುಟ್ಟಿದ್ದೂ ಡೌನಿಯಿಂದಲೇ: ಫ್ರಾನ್ಸಿನಲ್ಲಿ ದ್ರಾಕ್ಷಿಯ ಡೌನಿ ತಡೆಯಲು ಸಸ್ಯವಿಜ್ಞಾನಿ ಮಿಲಾರ್ಡೆ 1885ರಲ್ಲಿ ಅದನ್ನು ಪ್ರಕಟಿಸಿದ. ಈ ಗುಂಪಿನ ರೋಗಗಳಿಗೆಲ್ಲ ಮುಂಚಿತವಾಗಿ ರಕ್ಷಣೆ ಕೊಡುವುದೇ ದಾರಿ.

ಪಕ್ಕದ ತೋಟದವರಿಗೆ ಗುಲಾಬಿ ಪಾಲಿಹೌಸ್ ಇದೆ. ಅಲ್ಲಿನ ಡೌನಿ ಇಲ್ಲಿಗೆ ಹಾರಿತೇ ಎಂದು ಅವರೇ ಗಾಬರಿಯಿಂದ ಕೇಳಿದರು. ಇಲ್ಲ. ಗುಲಾಬಿಯದು ಪೆರೊನೊಸ್ಪೊರಾ ಸ್ಪಾರ್ಸಾ, ಅದು ಸ್ನ್ಯಾಪ್‌ಡ್ರ್ಯಾಗನ್‌ಗೆ ಬರುವುದಿಲ್ಲ, ನಮ್ಮದು ಅವರ ಗುಲಾಬಿಗೂ ಹೋಗುವುದಿಲ್ಲ. ಆದರೆ ಎರಡಕ್ಕೂ ಬೇಕಾದ ಹವೆ ಒಂದೇ.

ನವೆಂಬರ್ ಕೊನೆ

ಕುಗ್ಗಿದ ಗಿಡಗಳನ್ನೆಲ್ಲ ತೆಗೆದೆವು. ಎಳೆಯದರಲ್ಲೇ ರೋಗ ಒಳಗೆ ಸೇರಿದ ಗಿಡ ಚೇತರಿಸಿಕೊಳ್ಳುವುದಿಲ್ಲ. ಸುಳಿ ಸಾಯುತ್ತದೆ, ಬದುಕಿದರೂ ಮಾರುವಂಥ ಹೂಕಡ್ಡಿ ಬರುವುದಿಲ್ಲ, ಅಷ್ಟು ದಿನವೂ ಅದು ಬೀಜಕಣ ಉದುರಿಸುತ್ತಿರುತ್ತದೆ. ಕಿತ್ತು ಕೈಯಲ್ಲಿ ಹಿಡಿದು ಓಣಿಯುದ್ದಕ್ಕೂ ನಡೆದರೆ ನಾವೇ ಬಿತ್ತಿದಂತೆ. ಹಾಗಾಗಿ ನಿಂತ ಗಿಡಕ್ಕೇ ಮೇಲಿನಿಂದ ಕವರ್ ಇಳಿಸಿ, ಆಮೇಲೆ ಬುಡ ಕಿತ್ತು, ಅಲ್ಲೇ ಗಂಟು ಹಾಕಿ ಹೊರಗೆ ಸಾಗಿಸಿದೆವು. ಕಾಂಪೋಸ್ಟ್ ಗುಂಡಿಗೆ ಹಾಕಲಿಲ್ಲ. ಒಣಗಿದ ಎಲೆಯಲ್ಲಿ ಊಸ್ಪೋರ್ ಎಂಬ ಗಟ್ಟಿ ಸಿಪ್ಪೆಯ ಬೀಜಕಣಗಳು ಉಳಿದು ಮುಂದಿನ ಬೆಳೆಗೆ ಕಾಯುತ್ತವೆ.

ಡಿಸೆಂಬರ್

ಈ ತಿಂಗಳ ಮುಖ್ಯ ಕೆಲಸ ಔಷಧಿಯಲ್ಲ, ಗಾಳಿ.

ದೊಡ್ಡಬಳ್ಳಾಪುರದ ಈ ಬಯಲಿನಲ್ಲಿ ಡಿಸೆಂಬರ್ ರಾತ್ರಿ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಡೌನಿಗೆ ಅಷ್ಟು ತಂಪು, ಜೊತೆಗೆ ಎಲೆಯ ಮೇಲೆ ಕೆಲವು ಗಂಟೆ ನಿಲ್ಲುವ ನೀರು ಸಿಕ್ಕರೆ ಸಾಕು. ಹೊರಗೆ ಮಳೆಯಿಲ್ಲ, ನಾವು ಡ್ರಿಪ್‌ನಲ್ಲೇ ನೀರು ಕೊಡುತ್ತೇವೆ, ಮತ್ತೆ ಎಲೆಗೆ ನೀರು ಎಲ್ಲಿಂದ? ಗಿಡಗಳ ನಡುವೆ ತೂಗುಹಾಕಿದ ತೇವಮಾಪಕ ಉತ್ತರ ಕೊಟ್ಟಿತು. ಚಳಿಯೆಂದು ಸಂಜೆ ಐದಕ್ಕೇ ಸೈಡ್ ಕರ್ಟನ್, ಅಂದರೆ ಪಾಲಿಹೌಸಿನ ಪಕ್ಕದ ಪರದೆ, ಇಳಿಸುವುದು ಇಲ್ಲಿನ ಎಲ್ಲರ ರೂಢಿ. ಹಗಲೆಲ್ಲ ಗಿಡ ಬೆವರಿದ ಆವಿ ಆ ಶಾಖದ ಜೊತೆ ಒಳಗೇ ಉಳಿಯುತ್ತದೆ. 20 ಡಿಗ್ರಿಯಲ್ಲಿ ತೇವಾಂಶ ಶೇ 85 ಇದ್ದರೆ, ಉಷ್ಣತೆ ಎರಡೂವರೆ ಡಿಗ್ರಿಯಷ್ಟು ಇಳಿಯುತ್ತಲೇ ಇಬ್ಬನಿ ಕಟ್ಟುತ್ತದೆ. ನಮ್ಮಲ್ಲಿ ರಾತ್ರಿ ಅದರ ಎರಡರಷ್ಟು ಇಳಿಯುತ್ತದೆ. ಶೀಟಿನಿಂದ ತೊಟ್ಟಿಕ್ಕುವ ಹನಿ ಬೇರೆ.

ಚಳಿದೇಶಗಳಲ್ಲಿ ಮುಸ್ಸಂಜೆಗೆ ಹೀಟರ್ ಹಚ್ಚಿ, ಕಿಂಡಿ ತೆರೆದು, ಒದ್ದೆ ಗಾಳಿಯನ್ನು ಹೊರಗೆ ತಳ್ಳುತ್ತಾರೆ. ನಮ್ಮ ಪಾಲಿಹೌಸಿನಲ್ಲಿ ಹೀಟರ್ ಇಲ್ಲ. ಅದರ ಬದಲು ಕರ್ಟನ್ ಇಳಿಸುವುದನ್ನು ಕತ್ತಲಾದ ಮೇಲಕ್ಕೆ ತಳ್ಳಿದೆವು, ಆಗಲೂ ಪೂರ್ತಿ ಮುಚ್ಚದೆ ಒಂದಡಿ ಬಿಟ್ಟೆವು. ಗಾಳಿಯಾಡಿಸುವ ಫ್ಯಾನ್‌ಗಳನ್ನು ರಾತ್ರಿಯಿಡೀ ನಿಧಾನವಾಗಿ ತಿರುಗಿಸಿದೆವು. ಗಾಳಿ ಆಡುತ್ತಿದ್ದರೆ ಎಲೆ ಸುತ್ತಲ ಗಾಳಿಗಿಂತ ತಣ್ಣಗಾಗುವುದು ಕಡಿಮೆ. ನೀರು ಕೊಡುವುದು ಬೆಳಿಗ್ಗೆಯೇ ಮುಗಿಯಬೇಕು, ಓಣಿಯಲ್ಲಿ ನೀರು ನಿಲ್ಲಬಾರದು. ಕೆಳಗಿನ ಎಲೆಗಳನ್ನು ಸವರಿ ಬುಡಕ್ಕೂ ಗಾಳಿ ಬಿಟ್ಟೆವು. ಹೂ ಸ್ವಲ್ಪ ತಡವಾಗುತ್ತದೆ ಎಂಬ ಅಳುಕು ನಮ್ಮಲ್ಲಿತ್ತು. ತಡವಾದ ಕಡ್ಡಿಗೆ ಬೆಲೆಯಿದೆ, ಡೌನಿ ಬಂದ ಕಡ್ಡಿಗೆ ಇಲ್ಲ.

ಸಿಂಪಡಣೆ ಇಲ್ಲದೆ ಆಗಲಿಲ್ಲ. ರೋಗ ಮುಟ್ಟದ ಸಾಲುಗಳಿಗೆ ರಕ್ಷಣೆಗೆಂದು ಮ್ಯಾಂಕೋಜೆಬ್, ಲೀಟರಿಗೆ 2 ಗ್ರಾಂ. ರೋಗ ಕಂಡ ಮೂರನೇ ಬೇಯಲ್ಲಿ ಮೊದಲ ಸುತ್ತು ಮೆಟಲಾಕ್ಸಿಲ್ ಬೆರೆತದ್ದು, ಮುಂದಿನ ಸುತ್ತು ಡೈಮೆಥೊಮಾರ್ಫ್, ಆಮೇಲೆ ಫೊಸೆಟೈಲ್ ಅಲ್ಯೂಮಿನಿಯಂ. ಮೂರೂ ಬೇರೆ ಬೇರೆ ಗುಂಪಿನವು. ಮೆಟಲಾಕ್ಸಿಲ್ ಒಂದನ್ನೇ ಮತ್ತೆ ಮತ್ತೆ ಹೊಡೆದರೆ ಈ ಜೀವಿಗಳು ಬೇಗ ಪಳಗಿಬಿಡುತ್ತವೆ. ಫೊಸೆಟೈಲ್ ಜೊತೆ ತಾಮ್ರದ ಔಷಧಿ ಬೆರೆಸಬೇಡಿ, ಎಲೆ ಸುಡುತ್ತದೆ. ಡಬ್ಬಿಯ ಮೇಲೆ ಈ ಹೂವಿನ ಹೆಸರಿಲ್ಲದಿದ್ದರೆ ತೋಟಗಾರಿಕೆ ಇಲಾಖೆಯವರನ್ನೋ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಸಸ್ಯರೋಗ ವಿಭಾಗವನ್ನೋ ಕೇಳಿ, ಮೊದಲು ನಾಲ್ಕು ಗಿಡಕ್ಕೆ ಮಾತ್ರ ಹೊಡೆದು ನೋಡಿ. ನಾಜಲ್ ಮೇಲ್ಮುಖವಾಗಿರಲಿ, ರೋಗ ಇರುವುದು ಎಲೆಯಡಿಯಲ್ಲಿ. ಬೆಳಿಗ್ಗೆಯೇ ಹೊಡೆದರೆ ಮಧ್ಯಾಹ್ನದೊಳಗೆ ಎಲೆ ಒಣಗುತ್ತದೆ. ಮೊಗ್ಗಿಗೆ ಬಣ್ಣ ಬಂದ ಮೇಲೆ ಮ್ಯಾಂಕೋಜೆಬ್ ನಿಲ್ಲಿಸಿದೆವು. ಹೂವಿನ ಮೇಲೆ ಪುಡಿಯ ಕಲೆ ಕಂಡರೆ ಬೊಕೆ ಅಂಗಡಿಯವರು ತೆಗೆದುಕೊಳ್ಳುವುದಿಲ್ಲ.

ಜನವರಿ

ಹೊಸ ಎಲೆಗಳಲ್ಲಿ ತುಪ್ಪಟ ಇಲ್ಲ. ಹಳೆಯ ಹಳದಿ ಮಚ್ಚೆಗಳು ಒಣಗಿ ನಿಂತಿವೆ. ಮೊದಲ ಮತ್ತು ಎರಡನೇ ಬೇಯ ಕಟಾವು ನಡೆಯುತ್ತಿದೆ, ಕಡ್ಡಿ ನೆಟ್ಟಗಿದೆ. ಮೂರನೇ ಬೇಯಲ್ಲಿ ಖಾಲಿ ಜಾಗಗಳು ಎದ್ದು ಕಾಣುತ್ತವೆ, ಅಲ್ಲಿ ಮರುನಾಟಿ ಮಾಡಿಲ್ಲ. ಔಷಧಿಗಿಂತ ಕರ್ಟನ್ ಮತ್ತು ಫ್ಯಾನೇ ಬೆಳೆ ಉಳಿಸಿದವು ಎಂಬುದು ನನ್ನ ಖಚಿತ ಅಭಿಪ್ರಾಯ: ಒಂದೇ ಔಷಧಿ ಬಿದ್ದರೂ, ಗಾಳಿ ತಲುಪದ ಮೂಲೆಯಲ್ಲಿ ಮಾತ್ರ ರೋಗ ಡಿಸೆಂಬರ್ ಪೂರ್ತಿ ಮುಂದುವರಿಯಿತು.

ಆ ಮೂಲೆಗೆ ಇನ್ನೊಂದು ಫ್ಯಾನ್ ಹಾಕಿಸುತ್ತೇನೆ. ಏಪ್ರಿಲ್‌ನಲ್ಲಿ ಮೂರನೇ ಬೇಯ ಮಡಿಗಳಿಗೆ ನೀರು ಕುಡಿಸಿ, ಪಾರದರ್ಶಕ ಪಾಲಿಥಿನ್ ಹೊದಿಸಿ, ಆರು ವಾರ ಬಿಸಿಲಿಗೆ ಬಿಡುವುದು. ಆಮೇಲೆ ಅಲ್ಲಿ ಸೇವಂತಿಗೆ. ಸ್ನ್ಯಾಪ್‌ಡ್ರ್ಯಾಗನ್ ಬೇರೆ ಬೇಯಲ್ಲಿ ನೆಡುತ್ತೇವೆ, ಗಿಡ ನೆಟ್ಟಗೆ ನಿಲ್ಲಲು ಕಟ್ಟುವ ಜಾಲರಿಯ ಚೌಕಗಳಲ್ಲಿ ಈ ಸಲಕ್ಕಿಂತ ವಿರಳವಾಗಿ.