ಕಲಶಕ್ಕೆ ಪ್ಲಾಸ್ಟಿಕ್ ಚೊಂಬು

"ಚೆನ್ನಾಗಿದೆ ಕಣೇ. ಆದ್ರೆ ಕಲಶಕ್ಕೆ ಪ್ಲಾಸ್ಟಿಕ್ ಚೊಂಬು ಯಾಕಿಟ್ಟೆ?"

ಮಂಗಳವಾರ ರಾತ್ರಿ ದೊಡ್ಡಮ್ಮ ಕೇಳಿದ್ದು ಇಷ್ಟೇ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಲ್ಯಾಪ್‌ಟಾಪಿನ ಮುಂದೆ ಬಗ್ಗಿ, ನಿಧಾನಕ್ಕೆ ನೋಡಿ ಕೇಳಿದರು. ಗೇಲಿ ಮಾಡಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಅವರಿಗೆ ನಿಜವಾಗಲೂ ಉತ್ತರ ಬೇಕಿತ್ತು.

ಅದು ಹಿತ್ತಾಳೆ ಚೊಂಬು. ಎರಡು ಸಂಜೆ ಕೂತು ಇಂಕ್‌ಸ್ಕೇಪ್ ಅನ್ನೋ ಚಿತ್ರ ಬಿಡಿಸುವ ಸಾಫ್ಟ್‌ವೇರಿನಲ್ಲಿ ಬಿಡಿಸಿದ್ದೆ. ಅವರ ಮಗನ ಗೃಹಪ್ರವೇಶದ ಕಾರ್ಡಿಗೇ. ಆ ಮಹಾನುಭಾವ ಮನೆಗೆ ಇಟಲಿಯ ಮಾರ್ಬಲ್ ಹಾಕಿಸಿದ್ದಾನೆ, ಕಾರ್ಡು ಮಾತ್ರ ತಂಗಿ ಪುಕ್ಕಟೆ ಮಾಡಿಕೊಡಬೇಕು. "ನೆಟ್ಟಲ್ಲಿ ಸಾವಿರ ಕಲಶ ಸಿಗುತ್ತೆ, ಒಂದು ಅಂಟಿಸು" ಅಂದಿದ್ದ. ಆ ಸಾವಿರವೂ ಒಂದೇ ಕಲಶ. ಊರಿನ ಯಾವ ಡಿಟಿಪಿ ಅಂಗಡಿಗೆ ಹೋದರೂ ಅದೇ ತೆಂಗಿನಕಾಯಿ, ಅದೇ ಐದು ಎಲೆ. ನನಗೆ ನಮ್ಮನೆ ಚೊಂಬೇ ಬೇಕಿತ್ತು.

ಆಕಾರ ಬಿಡಿಸುವುದು ಕಷ್ಟವಾಗಿರಲಿಲ್ಲ. ಚೊಂಬಿನ ಅರ್ಧ ಬರೆದರೆ ಸಾಕು. ಬಾಯಿಯ ಅಂಚಿಗೆ ಒಂದು ನೋಡ್, ಅಂದರೆ ಗೆರೆಯನ್ನು ಹಿಡಿದಿಡುವ ಚುಕ್ಕಿ, ಕುತ್ತಿಗೆಗೆ ಒಂದು, ಹೊಟ್ಟೆಯ ಉಬ್ಬಿಗೆ ಒಂದು, ತಳಕ್ಕೆ ಎರಡು. ಕಂಟ್ರೋಲ್ ಡಿ ಒತ್ತಿದರೆ ನಕಲು, ಎಚ್ ಒತ್ತಿದರೆ ಆ ನಕಲು ಕನ್ನಡಿಯಲ್ಲಿ ಕಂಡಂತೆ ತಿರುಗುತ್ತದೆ. ಎರಡನ್ನೂ ಕೂಡಿಸಿ ಯೂನಿಯನ್ ಮಾಡಿದರೆ ಪೂರ್ತಿ ಚೊಂಬು. ಕಮ್ಮಿ ನೋಡ್ ಇಟ್ಟಷ್ಟೂ ಗೆರೆ ಚೆನ್ನಾಗಿ ಬಳುಕುತ್ತದೆ.

ಈ ಬಳುಕುವ ಗೆರೆಗೆ ಬೆಜಿಯೇ ಗೆರೆ ಅಂತ ಹೆಸರು. 1960ರ ದಶಕದಲ್ಲಿ ರೆನೊ ಕಂಪನಿಯ ಎಂಜಿನಿಯರ್ ಪಿಯರ್ ಬೆಜಿಯೇ ಕಾರಿನ ಮೈ ರೂಪಿಸಲು ಇದನ್ನು ಬಳಸಿದರು. ಅದಕ್ಕೂ ಮೊದಲೇ ಇನ್ನೊಂದು ಕಾರು ಕಂಪನಿ ಸಿಟ್ರೋಯೆನ್ನಿನಲ್ಲಿ ಪಾಲ್ ದ ಕಾಸ್ತೆಲ್ಜೋ ಎಂಬುವರು ಇದೇ ಲೆಕ್ಕ ಕಂಡುಕೊಂಡಿದ್ದರು. ಆ ಕಂಪನಿ ಅದನ್ನು ಗುಟ್ಟಾಗಿಟ್ಟಿತು. ಹೆಸರು ಬೆಜಿಯೇಗೆ ಹೋಯಿತು. ಚೊಂಬು ಬರೆಯುವಾಗೆಲ್ಲ ನನಗೆ ಆ ಎರಡನೆಯವರ ನೆನಪಾಗುತ್ತದೆ, ಯಾಕೋ.

ಆಮೇಲೆ ಬಣ್ಣ. ಇಲ್ಲೇ ನಾನು ಎಡವಿದ್ದು. ಹಿತ್ತಾಳೆ ಅಂದರೆ ಹಳದಿ ಅಲ್ವಾ? ನಡುವೆ ಹಳದಿ, ಅಂಚಿಗೆ ಹೋಗುತ್ತಾ ಕಂದು ಬರುವಂತೆ ರೇಡಿಯಲ್ ಗ್ರೇಡಿಯೆಂಟ್ ಎಳೆದೆ. ಎಡಗಡೆ ಹೊಟ್ಟೆಯ ಮೇಲೆ ಒಂದು ಬಿಳಿ ಮೊಟ್ಟೆ ಇಟ್ಟು ಬ್ಲರ್ ಮಾಡಿದೆ. ಕೆಳಗೊಂದು ಬೂದು ನೆರಳು. ಹೊಳೆಯಿತು! ನಾನೇ ಎರಡು ಸಲ ಜೂಮ್ ಮಾಡಿ ನೋಡಿ ಖುಷಿಪಟ್ಟೆ. ಆಗ ಬಂದಿದ್ದು ದೊಡ್ಡಮ್ಮನ ಪ್ರಶ್ನೆ.

"ಪ್ಲಾಸ್ಟಿಕ್ ಅಲ್ಲ ದೊಡ್ಡಮ್ಮ, ಹಿತ್ತಾಳೆ" ಅಂದೆ.

"ಹೌದಾ?" ಅಂದರು. ಮತ್ತೊಮ್ಮೆ ನೋಡಿದರು. "ಇರಬಹುದು ಬಿಡು" ಅಂತ ಮಲಗಲು ಹೋದರು.

ದೊಡ್ಡಮ್ಮನ ಬಗ್ಗೆ ಒಂದು ಮಾತು ಹೇಳಬೇಕು. ಅವರು ಯಾರನ್ನೂ ಸುಮ್ನೆ ಹೊಗಳುವವರಲ್ಲ. ತೆಗಳಿ ನೋಯಿಸುವವರೂ ಅಲ್ಲ. ಆ "ಇರಬಹುದು ಬಿಡು" ಇದೆಯಲ್ಲ, ಅದು ಅವರ ಅತಿ ಕೆಟ್ಟ ತೀರ್ಪು. ಅವರ ಮೊದಲ ಸೊಸೆಯ ಬಿಸಿಬೇಳೆಬಾತಿಗೂ ಒಮ್ಮೆ ಇದೇ ತೀರ್ಪು ಬಂದಿತ್ತು. ಆಕೆ ಇನ್ನೂ ಮರೆತಿಲ್ಲ.

ನನಗೆ ನಿದ್ದೆ ಹತ್ತಲಿಲ್ಲ. ಕಲಶಕ್ಕೆ ಪ್ಲಾಸ್ಟಿಕ್ ಚೊಂಬು ಯಾಕಿಟ್ಟೆ. ಯಾಕಿಟ್ಟೆ? ನಾನು ಇಡಲೇ ಇಲ್ಲವಲ್ಲ! ಹಳದಿ ಹಾಕಿದ್ದೇನೆ, ಹೊಳಪು ಹಾಕಿದ್ದೇನೆ, ನೆರಳಿದೆ. ಇನ್ನೇನು ಬೇಕಿತ್ತು?

ಬುಧವಾರ ಬೆಳಿಗ್ಗೆ ಏಳುವಷ್ಟರಲ್ಲಿ ಊಟದ ಮೇಜಿನ ಮೇಲೆ ನಿಜವಾದ ಚೊಂಬು ಕೂತಿತ್ತು. ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿ, ತೊಳೆದು, ಒರೆಸಿ ಇಟ್ಟಿದ್ದರು. ಏನೂ ಹೇಳಲಿಲ್ಲ. ಕಾಫಿ ಕೊಟ್ಟು ಪೇಪರ್ ಹಿಡಿದು ಎದುರಿಗೆ ಕೂತರು.

ಈ ಚೊಂಬನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ ಅಂದುಕೊಂಡಿದ್ದೆ. ಅವತ್ತು ಹತ್ತು ನಿಮಿಷ ನೋಡಿದೆ. ಅದರಲ್ಲಿ ಹಳದಿ ಎಲ್ಲಿದೆ ಅಂತ ಹುಡುಕಬೇಕಾಯಿತು.

ಎಡಗಡೆ ನಮ್ಮ ಕಿಟಕಿ ಇತ್ತು. ಮಬ್ಬು ಮೊಟ್ಟೆಯಲ್ಲ, ಬಾಗಿದ ಕಿಟಕಿ. ಸರಳುಗಳೂ ಎಣಿಸುವಷ್ಟು ಸ್ಪಷ್ಟ. ಅದು ಬಿಳಿಯೂ ಆಗಿರಲಿಲ್ಲ, ತುಪ್ಪದ ಬಣ್ಣ. ಅದಕ್ಕೆ ಅಂಟಿಕೊಂಡೇ ಕಪ್ಪಿಗೆ ಹತ್ತಿರದ ಕಂದು ಪಟ್ಟಿ. ನಡುವೆ ಮೆಲ್ಲಗೆ ಬದಲಾಗುವ ಬಣ್ಣವೇ ಇಲ್ಲ, ಚಾಕುವಿನಲ್ಲಿ ಕೊಯ್ದ ಹಾಗೆ. ಹೊಟ್ಟೆಯ ಕೆಳಗೆ ಮೇಜಿನ ಮರ. ಬಲಗಡೆ ದೊಡ್ಡಮ್ಮನ ಕೆಂಪು ಸೀರೆ ಉದ್ದಕ್ಕೆ ಎಳೆದುಕೊಂಡಿತ್ತು. ನಟ್ಟನಡುವೆ ನಾನು, ದೊಡ್ಡ ಮೂಗಿನ ಸಣ್ಣ ಗೊಂಬೆ. ಅಂಚಿಗೆ ಹೋದಷ್ಟೂ ಇಡೀ ಕೋಣೆ ಮಡಿಚಿಕೊಂಡು ಸಣ್ಣ ಸಣ್ಣ ಗೆರೆಯಾಗಿತ್ತು. ತೀರಾ ತುದಿ ಅತಿ ಕಪ್ಪಾಗಿರುತ್ತದೆ ಅಂತ ನಾನು ನಂಬಿದ್ದೆ. ಅಲ್ಲಿ ಕೂದಲೆಳೆಯಷ್ಟು ಬೆಳಕಿತ್ತು. ಕುತ್ತಿಗೆಯ ಮೇಲೆ, ಬಾಯಿ ಅಗಲವಾಗುವಲ್ಲಿ, ಅದೇ ಕಿಟಕಿ ಮತ್ತೊಮ್ಮೆ, ಅಕ್ಕಿಕಾಳಿನಷ್ಟು.

ಪ್ಲಾಸ್ಟಿಕ್ಕಿನ ಗುಟ್ಟು ಆಗ ಹೊಳೆಯಿತು. ಪ್ಲಾಸ್ಟಿಕ್ ಕೊಡಕ್ಕೆ ತನ್ನದೇ ಬಣ್ಣ ಮೈತುಂಬ ಇರುತ್ತದೆ. ಅದರ ಮೇಲೆ ಬೀಳುವ ಹೊಳಪು ಮಾತ್ರ ಬಿಳಿ. ಕೆಂಪು ಕೊಡವಾಗಲಿ, ನೀಲಿ ಕೊಡವಾಗಲಿ, ಹೊಳಪು ಬಿಳಿಯೇ. ಹಿತ್ತಾಳೆ, ತಾಮ್ರ ಹಾಗಲ್ಲ. ಅವು ಸುತ್ತಲಿದ್ದುದನ್ನೆಲ್ಲ ತಮ್ಮ ಬಣ್ಣದಲ್ಲಿ ಅದ್ದಿ ತೋರಿಸುತ್ತವೆ. ಅಂದರೆ ಹಿತ್ತಾಳೆ ಬರೆಯಬೇಕಾದರೆ ಚೊಂಬನ್ನು ಬರೆದರೆ ಸಾಲದು, ಅದು ಕೂತ ಕೋಣೆಯನ್ನು ಬರೆಯಬೇಕು. ನನ್ನ ಚೊಂಬು ಯಾವ ಕೋಣೆಯಲ್ಲೂ ಕೂತಿರಲಿಲ್ಲ. ಬಿಳಿ ಹಾಳೆಯ ಮೇಲೆ ತೇಲುತ್ತಿತ್ತು.

ಫೋಟೊ ತೆಗೆದು ಡ್ರಾಪರ್‌ನಿಂದ ಬಣ್ಣ ಹೀರಿ ನೋಡಿದೆ. ನಾನು ಹಳದಿ ಎಂದು ಆಣೆ ಮಾಡಬಹುದಾಗಿದ್ದ ಜಾಗದಲ್ಲಿ ಹಳೇ ಹುಣಸೆಹಣ್ಣಿನ ಬಣ್ಣ ಬಂತು. ಇನ್ನೊಂದು ಕಡೆ ಹಸಿರು ಕಲೆತ ಬೂದು. ಕಣ್ಣಿಗಿಂತ ಮೊದಲೇ ತಲೆ ಬಣ್ಣ ಬಳಿದುಬಿಡುತ್ತದೆ.

ಗ್ರೇಡಿಯೆಂಟನ್ನು ಅಳಿಸಿದೆ. ಹೊಟ್ಟೆಯ ಆಕಾರದ ನಕಲು ತೆಗೆದು ಒಂದೊಂದೇ ಪಟ್ಟಿ ಕತ್ತರಿಸಿದೆ. ಕೆಲವಕ್ಕೆ ಒಂದು ಅಂಚು ಚೂಪು, ಇನ್ನೊಂದು ಮಾತ್ರ ಬ್ಲರ್. ಇದನ್ನು ನೇರವಾಗಿ ಮಾಡಲು ಬರುವುದಿಲ್ಲ. ಪಟ್ಟಿ ಪೂರ್ತಿ ಬ್ಲರ್ ಮಾಡಿ, ಗುಂಪಿಗೆ ಸೇರಿಸಿ, ಚೂಪು ಬೇಕಾದ ಕಡೆ ಕ್ಲಿಪ್ ಹಾಕಿ ಆಚೆಗಿನದನ್ನು ಮರೆಮಾಡಬೇಕು. ಹೀಗೆ ಹದಿನೇಳು ತುಂಡು. ಚೊಂಬು ನೆಲಕ್ಕೆ ತಾಗುವಲ್ಲಿ ಒಂದು ತೆಳ್ಳನೆಯ ಕಪ್ಪು ಗೆರೆ ಕೊಟ್ಟೆ. ಅದು ಬಿದ್ದ ಕೂಡಲೇ ತೇಲುತ್ತಿದ್ದ ಚೊಂಬು ಧಪ್ಪಂತ ಕೂತಿತು. ಕೆಂಪು ಸೀರೆಯನ್ನೂ ಬಿಡಲಿಲ್ಲ. ಬಲಗಡೆ ಒಂದು ಕೆಂಪು ಪಟ್ಟಿ ಇದೆ, ಅದು ದೊಡ್ಡಮ್ಮ. ಕಾರ್ಡು ಬಂದವರಿಗೆ ಯಾರಿಗೂ ಗೊತ್ತಾಗುವುದಿಲ್ಲ.

ಕನ್ನಡದಲ್ಲಿ ಪಾತ್ರೆ ತಿಕ್ಕುವುದಕ್ಕೆ ಬೆಳಗುವುದು ಅಂತಲೂ ಹೇಳುತ್ತೇವೆ. ಇಷ್ಟು ವರ್ಷ ಆ ಮಾತನ್ನು ನಿಂತು ಕೇಳಿಸಿಕೊಂಡಿರಲಿಲ್ಲ. ದೊಡ್ಡಮ್ಮ ಐವತ್ತು ವರ್ಷದಿಂದ ಶುಕ್ರವಾರ ಶುಕ್ರವಾರ ಈ ಚೊಂಬು ಬೆಳಗಿದ್ದಾರೆ. ಎಲ್ಲಿ ಕಪ್ಪು ಉಳಿಯುತ್ತದೆ, ಎಲ್ಲಿ ಬೇಗ ಹೊಳಪು ಬರುತ್ತದೆ ಅಂತ ಅವರ ಹೆಬ್ಬೆರಳಿಗೆ ಗೊತ್ತು. ನಾನು ಟ್ಯುಟೋರಿಯಲ್ ನೋಡಿದ್ದೆ. ಅದರಲ್ಲಿದ್ದ ಹುಡುಗ ಮೂರು ಕ್ಲಿಕ್ಕಿನಲ್ಲಿ ಚಿನ್ನ ಮಾಡಿ ತೋರಿಸಿದ್ದ. ಅವನ ಚಿನ್ನವೂ ಪ್ಲಾಸ್ಟಿಕ್ಕೇ ಅಂತ ಈಗ ಗೊತ್ತಾಗಿದೆ. ಮನೆಯಲ್ಲಿ ಅವನಿಗೂ ಒಬ್ಬರು ದೊಡ್ಡಮ್ಮ ಇರಬೇಕಿತ್ತು.

ಇನ್ನೊಂದು ಯೋಚನೆಯೂ ಬಂತು. ನಮ್ಮನೆಯಲ್ಲಿ ಈಗ ಉಳಿದಿರುವ ಹಿತ್ತಾಳೆ ಅಂದರೆ ಈ ಚೊಂಬು, ಎರಡು ದೀಪ, ಒಂದು ಗಂಟೆ. ಉಳಿದದ್ದೆಲ್ಲ ಸ್ಟೀಲು, ಪ್ಲಾಸ್ಟಿಕ್ಕು. ನೀರು ಕುಡಿಯುವುದು ಬಾಟಲಿಯಲ್ಲಿ. ದಿನಾ ಕೈಗೆ ಸಿಗುವುದೇ ಪ್ಲಾಸ್ಟಿಕ್ ಆದಾಗ ಕೈ ಬರೆಯುವುದೂ ಅದನ್ನೇ ಇರಬೇಕು. ನನ್ನ ತಪ್ಪಿಗೆ ಇದು ನೆಪವೋ ಕಾರಣವೋ ಗೊತ್ತಿಲ್ಲ.

ಗುರುವಾರ ರಾತ್ರಿ ಪಿಡಿಎಫ್ ಮಾಡಿದೆ. ಬ್ಲರ್ ಇದ್ದ ತುಂಡುಗಳು ಪಿಡಿಎಫ್‌ನಲ್ಲಿ ವೆಕ್ಟರ್ ಆಗಿ, ಅಂದರೆ ಎಷ್ಟು ಹಿಗ್ಗಿಸಿದರೂ ಒಡೆಯದ ಗೆರೆಗಳಾಗಿ ಉಳಿಯುವುದಿಲ್ಲ, ಫೋಟೊದಂತೆ ಚುಕ್ಕಿಗಳ ಚಿತ್ರವಾಗಿ ಹೋಗುತ್ತವೆ. ಅದಕ್ಕೆ ರೆಸಲ್ಯೂಷನ್, ಅಂದರೆ ಇಂಚಿಗೆ ಎಷ್ಟು ಚುಕ್ಕಿ ಅನ್ನೋದನ್ನು, 300 ಇಟ್ಟೆ. ಪ್ರೆಸ್ಸಿಗೆ ಕಳಿಸುವ ಮುಂಚೆ ದೊಡ್ಡಮ್ಮನನ್ನು ಕರೆದೆ. ಕೈ ಒರೆಸಿಕೊಂಡು ಬಂದರು. ಕನ್ನಡಕ ಇಳಿಸಿದರು. ಬಗ್ಗಿದರು.

"ಹ್ಞಾ. ಹಿತ್ತಾಳೆ."

ನಾನು ಉಸಿರು ಬಿಡುವಷ್ಟರಲ್ಲಿ ಬೆರಳು ಪರದೆಯ ಮೇಲೆ, ಚೊಂಬಿನ ಕುತ್ತಿಗೆಯ ಹತ್ತಿರ ಬಂತು.

"ಇಲ್ಲಿ ಸರಿಯಾಗಿ ತಿಕ್ಕಿಲ್ಲ ನೋಡು. ಒಂಚೂರು ಹುಳಿ ಸಾಲದು."