ಇಷ್ಟು ಪ್ರೀತಿಯಿಂದ ಸಾಕಿ, ಆಮೇಲೆ ಹೇಗೆ ಕೊಟ್ಟುಬಿಡ್ತೀರಾ?

ಬೀದಿಗೆ ಬಿದ್ದ ನಾಯಿ, ಬೆಕ್ಕಿನ ಮರಿಗಳನ್ನು ಮನೆಗೆ ತಂದು ಸಾಕಿ, ಆಮೇಲೆ ಒಳ್ಳೆಯ ಮನೆ ನೋಡಿ ಕೊಡುತ್ತೇನೆ. ಬ್ಲೌಸ್ ಅಳತೆ ಕೊಡಲು ಬಂದವರು, ಪಕ್ಕದ ಮನೆ ಆಂಟಿ, ಮದುವೆ ಮನೆಯಲ್ಲಿ ಸಿಗುವ ನೆಂಟರು, ಕೊನೆಗೆ ಪಶು ಆಸ್ಪತ್ರೆಯಲ್ಲಿ ಪಕ್ಕದಲ್ಲಿ ಕೂತವರು, ಎಲ್ಲರೂ ಕೇಳುವುದು ಇದೊಂದೇ ಪ್ರಶ್ನೆ. "ಅಲ್ಲಾ ಕಣಮ್ಮ, ಎರಡು ತಿಂಗಳು ಮಕ್ಕಳ ಥರ ನೋಡ್ಕೋತೀಯ, ಆಮೇಲೆ ಯಾರಿಗೋ ಎತ್ತಿ ಕೊಟ್ಟುಬಿಡ್ತೀಯಲ್ಲ, ಮನಸ್ಸಾದ್ರೂ ಹೆಂಗೆ ಬರುತ್ತೆ?" ಕೆಲವರು ಅಕ್ಕರೆಯಿಂದ ಕೇಳುತ್ತಾರೆ. ಕೆಲವರ ದನಿಯಲ್ಲಿ ಬೇಸರ ಇರುತ್ತದೆ, ನಾನೇನೋ ಕಲ್ಲು ಮನಸ್ಸಿನವಳು ಅನ್ನುವ ಹಾಗೆ. ನಿಂತ ಕಾಲಲ್ಲಿ ಉತ್ತರ ಹೇಳಿದರೆ ಯಾರಿಗೂ ಸಮಾಧಾನ ಆಗುವುದಿಲ್ಲ. ಅದಕ್ಕೇ ಇವತ್ತು ಕೂತು ಬರೆಯುತ್ತಿದ್ದೇನೆ.

ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಮನಸ್ಸು ಬರುವುದಿಲ್ಲ. ಕೊಡುವ ಹಿಂದಿನ ರಾತ್ರಿ ನಿದ್ದೆ ಹತ್ತುವುದಿಲ್ಲ, ಕೊಟ್ಟ ದಿನ ಊಟ ಸೇರುವುದಿಲ್ಲ. 7 ವರ್ಷದಲ್ಲಿ ನಾಯಿ, ಬೆಕ್ಕು ಸೇರಿ 40ಕ್ಕಿಂತ ಜಾಸ್ತಿ ಮರಿಗಳು ನಮ್ಮ ಮನೆಯಿಂದ ಹೋಗಿವೆ. ಒಂದು ಸಲವೂ ಸುಲಭ ಆಗಿಲ್ಲ. ಆದರೂ ಕೊಡುತ್ತೇನೆ. ಯಾಕೆ ಅಂತ ಹೇಳಬೇಕಾದರೆ ಶುರುವಿನಲ್ಲಿ ನಾನು ಮಾಡಿದ ತಪ್ಪಿನಿಂದ ಹೇಳಬೇಕು.

ನಮ್ಮ ಮನೆ ತುಮಕೂರಿನ ಶೆಟ್ಟಿಹಳ್ಳಿ ಕಡೆ. ಮುಂದಿನ ರೂಮಿನಲ್ಲಿ ನನ್ನ ಹೊಲಿಗೆ ಮಿಷನ್, ಹಿಂದೆ ಸಾಮಾನು ಇಡುವ ಒಂದು ಚಿಕ್ಕ ರೂಮು, ಅದರಾಚೆ ಬಟ್ಟೆ ಒಗೆಯುವ ಕಲ್ಲು. ಇರುವುದೇ ಅಷ್ಟು ಜಾಗ. ಮೊದಲ ವರ್ಷ ಬಂದ ಮೂರು ನಾಯಿಮರಿಗಳನ್ನೂ ನಾನೇ ಇಟ್ಟುಕೊಂಡೆ. ಒಂದಕ್ಕೆ ಹಿಂಗಾಲು ಸರಿ ಇರಲಿಲ್ಲ, ಯಾರೂ ಕೇಳಲಿಲ್ಲ. ಇನ್ನೊಂದು ಮನುಷ್ಯರನ್ನು ಕಂಡರೆ ಮಂಚದ ಕೆಳಗೆ ಓಡುತ್ತಿತ್ತು. ಮೂರನೆಯದನ್ನು ಕೇಳಿಕೊಂಡು ಬಂದವರು ನನಗೆ ಹಿಡಿಸಲಿಲ್ಲ. ಪ್ರತಿ ಸಲವೂ ಒಂದೊಂದು ಕಾರಣ ಇತ್ತು, ಎಲ್ಲವೂ ಸರಿಯಾದ ಕಾರಣಗಳೇ ಅನ್ನಿಸಿತ್ತು. ಅತ್ತೆ ಏನೂ ಅನ್ನಲಿಲ್ಲ. ಮುದ್ದೆ ತಿರುವೋದಕ್ಕೆ ದೊಡ್ಡ ಪಾತ್ರೆ ಇಟ್ಟರು, ಅಷ್ಟೇ.

ಆಮೇಲೆ ಒಂದು ಜುಲೈ ತಿಂಗಳು, ಜಿಟಿಜಿಟಿ ಮಳೆ. ಬಟವಾಡಿ ಕಡೆಯಿಂದ ಪರಿಚಯದ ಹುಡುಗನೊಬ್ಬ ಫೋನ್ ಮಾಡಿದ. "ಅಕ್ಕಾ, ತಾಯಿನ ಲಾರಿ ಹೊಡ್ಕೊಂಡು ಹೋಗಿದೆ. ಐದು ಮರಿ ಮೋರಿ ಪಕ್ಕದಲ್ಲೇ ಇದಾವೆ. ಒಂದು ವಾರ ಇಟ್ಕೊಳ್ಳಿ ಸಾಕು, ಅಷ್ಟರಲ್ಲಿ ಏನಾದ್ರೂ ಮಾಡ್ತೀನಿ." ಜಾಗ ಇಲ್ಲಪ್ಪ ಅಂದೆ. ನಿಜವಾಗಿಯೂ ಇರಲಿಲ್ಲ. ಗೊತ್ತಿದ್ದ ನಾಲ್ಕಾರು ಜನರಿಗೆ ಫೋನ್ ಮಾಡಿದೆ, ಎಲ್ಲರ ಮನೆಯೂ ತುಂಬಿತ್ತು. ಮೂರನೇ ದಿನ ತಡೆಯಲಾರದೆ ಕೊಡೆ ಹಿಡಿದುಕೊಂಡು ಹೋಗಿ ನೋಡಿದೆ. ಎರಡೇ ಇದ್ದವು. ಒಂದು ಇನ್ನೊಂದರ ಮೇಲೆ ತಲೆ ಇಟ್ಟು ಮಲಗಿತ್ತು. ಕೆಳಗಿನದು ಆಗಲೇ ತಣ್ಣಗಾಗಿತ್ತು.

ಉಳಿದ ಆ ಒಂದನ್ನು ವೇಲ್‌ನಲ್ಲಿ ಸುತ್ತಿಕೊಂಡು ಮನೆಗೆ ತಂದೆ. ದಾರಿಯುದ್ದಕ್ಕೂ ನಾನು ಲೆಕ್ಕ ಹಾಕುತ್ತಿದ್ದುದು ಒಂದನ್ನೇ. ನಮ್ಮ ಮನೆಯ ಮೂರರಲ್ಲಿ ಎರಡನ್ನಾದರೂ ಒಳ್ಳೆಯ ಮನೆ ನೋಡಿ ಕೊಟ್ಟಿದ್ದರೆ, ಸೋಮವಾರ ಫೋನ್ ಬಂದಾಗ "ತಗೊಂಡು ಬಾ" ಅನ್ನಬಹುದಿತ್ತು. ಆ ಮರಿ ಬದುಕಿತು. ಗುಬ್ಬಿ ಹತ್ತಿರದ ಒಂದು ಮನೆಯಲ್ಲಿ ಈಗ ದೊಡ್ಡ ನಾಯಿಯಾಗಿದೆ. ನಾನು ಕೊಟ್ಟ ಮೊದಲನೇ ಮರಿ ಅದೇ. ಅವತ್ತಿನಿಂದ ಆ ಹಿಂದಿನ ರೂಮು ನನ್ನದಲ್ಲ, ಮುಂದೆ ಬರುವ ಮರಿಯದು ಅಂತ ತೀರ್ಮಾನ ಮಾಡಿಕೊಂಡಿದ್ದೇನೆ. ಅಷ್ಟೇ ನನ್ನ ಉತ್ತರ. ಆದರೆ ಇಷ್ಟು ಹೇಳಿದರೆ ಸಾಲದು, ಯಾಕೆಂದರೆ ಮಧ್ಯದ ಆ ಎರಡು ತಿಂಗಳಲ್ಲಿ ಏನು ನಡೆಯುತ್ತದೆ ಅಂತ ತುಂಬಾ ಜನರಿಗೆ ಗೊತ್ತಿಲ್ಲ.

ಈ ವರ್ಷದ ಬೇಸಿಗೆಯದೇ ಹೇಳುತ್ತೇನೆ. ಬಿ.ಎಚ್. ರಸ್ತೆಯಲ್ಲಿ ಎಳನೀರು ಮಾರುವವರ ಹಿಂದೆ ಬುರುಡೆ ರಾಶಿ ಇರುತ್ತದಲ್ಲ, ಅಲ್ಲಿ ಬಾಯಿ ಕಟ್ಟಿದ ಸಿಮೆಂಟ್ ಚೀಲ ಸಿಕ್ಕಿತು. ಒಳಗೆ ನಾಲ್ಕು ಬೆಕ್ಕಿನ ಮರಿಗಳು. ಇನ್ನೂ ಕಣ್ಣು ಬಿಟ್ಟಿರಲಿಲ್ಲ, ಹೊಕ್ಕುಳ ಬಳ್ಳಿಯ ಒಣಗಿದ ತುಂಡು ಹಾಗೇ ಇತ್ತು. ಹೀಗೆ ಬಿಸಾಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ. ಆದರೆ ಚೀಲದ ಮೇಲೆ ಯಾರ ಹೆಸರೂ ಇರುವುದಿಲ್ಲ. ಎಳನೀರಿನವರು ಚೀಲ ಅಲ್ಲಾಡಿದ್ದು ಕಂಡು ಮಚ್ಚಿನಿಂದ ದಾರ ಕೊಯ್ದು, ನಮ್ಮ ಬೀದಿಯ ಹುಡುಗನ ಕೈಯಲ್ಲಿ ಕಳಿಸಿದ್ದರು. ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟು ತೂಗಿದೆ. ಎಲ್ಲಕ್ಕಿಂತ ಸಣ್ಣದು 95 ಗ್ರಾಂ. ಒಂದು ಮೂಸಂಬಿಯಷ್ಟೂ ಇಲ್ಲ. ಕಡ್ಲೆ, ಉದ್ದು, ತೊಗರಿ, ಅವರೆ ಅಂತ ಹೆಸರಿಟ್ಟೆವು. ಸಣ್ಣದೇ ಅವರೆ.

ಇಂಥ ಮರಿ ಸಿಕ್ಕ ಕೂಡಲೇ ಎಲ್ಲರೂ ಮಾಡುವ ಕೆಲಸ ಅಂದರೆ ಬಟ್ಟಲಲ್ಲಿ ಹಸುವಿನ ಹಾಲು ಇಡುವುದು. ದಯವಿಟ್ಟು ಹಾಗೆ ಮಾಡಬೇಡಿ. ಹಸುವಿನ ಹಾಲು ಅವಕ್ಕೆ ಆಗುವುದಿಲ್ಲ, ಭೇದಿ ಶುರುವಾಗುತ್ತದೆ, ಆ ಗಾತ್ರದ ಮರಿಗೆ ಒಂದು ದಿನ ಭೇದಿಯಾದರೆ ಮೈಯಲ್ಲಿ ನೀರೇ ಉಳಿಯುವುದಿಲ್ಲ. ಬೆಕ್ಕಿನ ಮರಿಗಳಿಗೇ ಅಂತ ಹಾಲಿನ ಪುಡಿ ಸಿಗುತ್ತದೆ, ಅದನ್ನು ಕಲಸಿ ಕೊಡಬೇಕು. ಅದಕ್ಕೂ ಮೊದಲು ಮೈ ಬಿಸಿ ಮಾಡಬೇಕು. ಮೈ ತಣ್ಣಗಿದ್ದಾಗ ಹೊಟ್ಟೆ ಕೆಲಸ ಮಾಡುವುದಿಲ್ಲ, ಕುಡಿದ ಹಾಲು ಒಳಗೇ ಕೆಡುತ್ತದೆ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಡಬ್ಬದಲ್ಲಿ ಒಂದು ಮೂಲೆಗೆ ಇಡುತ್ತೇನೆ, ಸೆಕೆ ಆದರೆ ಮರಿಗೆ ಇನ್ನೊಂದು ಮೂಲೆಗೆ ತೆವಳಲು ಜಾಗ ಇರಬೇಕು. ಹಾಲು ಕುಡಿಸುವಾಗ ಮಗುವಿನ ಹಾಗೆ ಅಂಗಾತ ಮಲಗಿಸಬಾರದು. ಹೊಟ್ಟೆ ಕೆಳಗೆ ಮಾಡಿಯೇ ಕುಡಿಸಬೇಕು, ಇಲ್ಲದಿದ್ದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ.

ಮೊದಲ ವಾರ ಎರಡೆರಡು ಗಂಟೆಗೆ ಒಮ್ಮೆ ಹಾಲು. ಹಗಲು, ರಾತ್ರಿ ಎರಡೂ. ನಮ್ಮ ಯಜಮಾನರು ರಾತ್ರಿ 12ರ ಸರದಿ ತಗೊಂಡರು, 2 ಮತ್ತು 4 ನನ್ನದು, ಬೆಳಗಿನ ಜಾವ ಅತ್ತೆಯದು. ಕುಡಿಸಿ ಮುಗಿದ ಮೇಲೂ ಕೆಲಸ ಇರುತ್ತದೆ. ಅಷ್ಟು ಚಿಕ್ಕ ಮರಿಗಳಿಗೆ ತಾವಾಗಿ ಉಚ್ಚೆ ಹೊಯ್ಯಲು ಬರುವುದಿಲ್ಲ. ತಾಯಿ ನೆಕ್ಕಿ ನೆಕ್ಕಿ ಮಾಡಿಸುತ್ತದೆ. ನಾವು ಹತ್ತಿಯನ್ನು ಉಗುರು ಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿ ಮೆಲ್ಲಗೆ ಒರೆಸಬೇಕು. ಸುಮಾರು ಮೂರು ವಾರ ಹೀಗೆ. ಅವರೆ ಹಾಲು ಹೀರುವಾಗ ಅದರ ಕಿವಿಗಳು ತಲೆಗೆ ಅಂಟಿಕೊಂಡಿರುತ್ತಿದ್ದವು, ಪ್ರತಿ ಗುಟುಕಿಗೂ ಹಿಂದೆ ಮುಂದೆ ಅಲ್ಲಾಡುತ್ತಿದ್ದವು. ಮುಂದಿನ ಎರಡು ಕಾಲಲ್ಲಿ ನನ್ನ ಬೆರಳನ್ನು ತಾಯಿಯ ಹೊಟ್ಟೆ ಅಂದುಕೊಂಡು ಒತ್ತುತ್ತಿತ್ತು. ಕಿವಿ ಅಲ್ಲಾಡುವುದು ನಿಂತರೆ ಹೊಟ್ಟೆ ತುಂಬಿತು ಅಂತ ಅರ್ಥ. ದಿನಕ್ಕೆ 10ರಿಂದ 15 ಗ್ರಾಂ ತೂಕ ಏರಬೇಕು. ನಾನು ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಡುತ್ತೇನೆ, ಗಿರಾಕಿಗಳ ಎದೆ ಸುತ್ತಳತೆಯ ಹಿಂದೆಯೇ ಈ ನಾಲ್ಕರ ತೂಕ. ಒಂಬತ್ತನೇ ದಿನ ಕಡ್ಲೆಯ ಎಡಗಣ್ಣು ಒಂದು ಗೀಟಿನಷ್ಟು ತೆರೆಯಿತು.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಬಾಯಿ ಕಟ್ಟಿದ ಚೀಲದಲ್ಲಿ ಸಿಕ್ಕರೆ ಎತ್ತಿಕೊಳ್ಳಲೇಬೇಕು. ಆದರೆ ಹಿತ್ತಲಲ್ಲಿ, ಸೌದೆ ರಾಶಿಯಲ್ಲಿ, ಮಹಡಿ ಮೆಟ್ಟಿಲ ಕೆಳಗೆ ಮರಿಗಳು ಬೆಚ್ಚಗೆ ಸುಮ್ನೆ ಮಲಗಿದ್ದರೆ ಮುಟ್ಟಬೇಡಿ. ತಾಯಿ ಊಟಕ್ಕೆ ಹೋಗಿರುತ್ತದೆ. ನೀವು ಪಕ್ಕದಲ್ಲೇ ನಿಂತರೆ ಅದು ಹತ್ತಿರ ಬರುವುದಿಲ್ಲ. ದೂರ ಹೋಗಿ ಕೆಲವು ಗಂಟೆ ಕಾಯಿರಿ. ನನಗೆ ಬರುವ ಫೋನುಗಳಲ್ಲಿ ಎಷ್ಟೋ ಮರಿಗಳಿಗೆ ತಾಯಿ ಇರುತ್ತಾಳೆ. ನಾನು ಎಷ್ಟೇ ಪುಡಿ ಕಲಸಿದರೂ ತಾಯಿ ಹಾಲಿನ ಸಮ ಆಗುವುದಿಲ್ಲ. ಬೀದಿಯಲ್ಲಿ ಆರಾಮಾಗಿರುವ ದೊಡ್ಡ ನಾಯಿಯನ್ನು "ಕರ್ಕೊಂಡು ಹೋಗಿ" ಅಂತ ಹೇಳುವವರಿಗೂ ಅದೇ ಮಾತು. ಅದಕ್ಕೆ ಬೇಕಾದ್ದು ಸಂತಾನಹರಣ ಆಪರೇಷನ್ ಮತ್ತು ರೇಬಿಸ್ ಲಸಿಕೆ. 2023ರ ಎಬಿಸಿ ನಿಯಮಗಳೂ (ಪ್ರಾಣಿಗಳ ಸಂತಾನ ನಿಯಂತ್ರಣದ ನಿಯಮಗಳು) ಆಪರೇಷನ್ ಆದ ಮೇಲೆ ಹಿಡಿದ ಜಾಗಕ್ಕೇ ವಾಪಸ್ ಬಿಡಬೇಕು ಅನ್ನುತ್ತವೆ.

ಎಲ್ಲ ಮರಿಗಳೂ ಉಳಿಯುವುದಿಲ್ಲ, ಅದನ್ನೂ ಮುಚ್ಚಿಡುವುದಿಲ್ಲ. ಮೂರು ವರ್ಷದ ಹಿಂದೆ ಒಂದೇ ಸೂಲಿನ ನಾಲ್ಕು ನಾಯಿಮರಿಗಳು ಬಂದವು. ಎರಡನೇ ದಿನ ಒಂದು ಊಟ ಬಿಟ್ಟಿತು, ಸಂಜೆಗೆ ವಾಂತಿ, ಬೆಳಗ್ಗೆ ರಕ್ತ ಬೆರೆತ ಭೇದಿ. ಆ ವಾಸನೆ ಒಂದು ಸಲ ಬಂದರೆ ಮರೆಯಲು ಆಗುವುದಿಲ್ಲ. ಪಾರ್ವೋ, ನಾಯಿಮರಿಗಳಿಗೆ ಬರುವ ವೈರಸ್ ಕಾಯಿಲೆ. ಡ್ರಿಪ್ ಹಾಕಿಸಿಕೊಂಡು ಓಡಾಡಿದೆವು. ಒಂದೇ ಉಳಿಯಿತು. ಆ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಫಿನಾಯಿಲ್ ನಂಬಿಕೊಂಡು ಕೂರುವ ಹಾಗಿಲ್ಲ, ಬ್ಲೀಚಿಂಗ್ ನೀರು ಬೇಕು. ರೂಮನ್ನು ಮೂರು ಸಲ ಬ್ಲೀಚಿಂಗ್ ಹಾಕಿ ತೊಳೆದೆ, ಹಾಸಿಗೆ ಬಟ್ಟೆ ಎಲ್ಲ ಸುಟ್ಟೆ. ಒಂದು ವರ್ಷ ನಾಯಿಮರಿ ತೆಗೆದುಕೊಳ್ಳಲಿಲ್ಲ, ಲಸಿಕೆ ಪೂರ್ತಿ ಆಗಿದ್ದ ದೊಡ್ಡ ನಾಯಿಗಳನ್ನು ಮಾತ್ರ ಇಟ್ಟುಕೊಂಡೆ. ಆರೇಳು ವಾರಕ್ಕೆ ಮೊದಲ ಲಸಿಕೆ, ಆಮೇಲೆ ಡಾಕ್ಟರ್ ಹೇಳಿದ ದಿನಕ್ಕೆ ಸರಿಯಾಗಿ ಬೂಸ್ಟರ್, ಮೂರು ತಿಂಗಳಿಗೆ ರೇಬಿಸ್. ಇದರಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. ನಾವು ಮೂವರೂ ಮೊದಲೇ ರೇಬಿಸ್ ಲಸಿಕೆ ಹಾಕಿಸಿಕೊಂಡಿದ್ದೇವೆ. ಹಾಗಿದ್ದರೂ ಸಣ್ಣ ಹಲ್ಲು ತಾಗಿದರೂ 15 ನಿಮಿಷ ಸೋಪು ಹಾಕಿ ನಲ್ಲಿ ಕೆಳಗೆ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗುತ್ತೇವೆ.

ಇನ್ನು ಕೊಡುವ ವಿಷಯ. ಇಷ್ಟು ಕಷ್ಟಪಟ್ಟು ಉಳಿಸಿದ್ದನ್ನು ನಾನು ಯಾರಿಗೋ ಎತ್ತಿ ಕೊಡುವುದಿಲ್ಲ. ತೋಟದ ಮನೆ ಕಾವಲಿಗೆ ಅಂತ ಕೇಳುತ್ತಾರೆ. ತೆಂಗಿನ ತೋಟ ಜಾಸ್ತಿ ಇರುವ ಜಿಲ್ಲೆ ನಮ್ಮದು, ಕೇಳುವುದು ತಪ್ಪಲ್ಲ. ಆದರೆ ರಾತ್ರಿ ಅಲ್ಲಿ ಯಾರು ಮಲಗುತ್ತಾರೆ ಅಂತ ಕೇಳುತ್ತೇನೆ. ಯಾರೂ ಇಲ್ಲ, ಸರಪಳಿ ಹಾಕಿ ಬಿಡ್ತೀವಿ ಅಂದರೆ ಕೊಡುವುದಿಲ್ಲ. "ಹೆಣ್ಣು ಮರಿ ಬೇಡ, ಗಂಡೇ ಬೇಕು" ಅನ್ನುವವರು ತುಂಬಾ. ಬೀದಿಗೆ ಬೀಳುವುದರಲ್ಲಿ ಹೆಣ್ಣು ಮರಿಗಳೇ ಜಾಸ್ತಿ ಅನ್ನುವುದು ನನ್ನ ಮನೆಗೆ ಬಂದವನ್ನು ಎಣಿಸಿದರೇ ಗೊತ್ತಾಗುತ್ತದೆ. ಆರು ತಿಂಗಳ ಹೊತ್ತಿಗೆ ಆಪರೇಷನ್ ಮಾಡಿಸಿದರೆ ಮರಿ ಹಾಕುತ್ತದೆ ಅನ್ನುವ ಭಯವೇ ಇರುವುದಿಲ್ಲ ಅಂತ ಕೂರಿಸಿಕೊಂಡು ಹೇಳುತ್ತೇನೆ, ಒಪ್ಪಿದವರ ಹತ್ತಿರ ಬರೆಸಿಕೊಳ್ಳುತ್ತೇನೆ. ಬಾಡಿಗೆ ಮನೆಯಾದರೆ ಓನರ್ ಜೊತೆ ನಾನೇ ಫೋನಲ್ಲಿ ಮಾತಾಡುತ್ತೇನೆ. ಮನೆಯವರೆಲ್ಲ ಒಟ್ಟಿಗೆ ಬಂದು ನೋಡಬೇಕು. ಒಬ್ಬರಿಗೆ ಇಷ್ಟ ಇಲ್ಲದಿದ್ದರೂ ಆ ಮರಿ ಆರು ತಿಂಗಳಲ್ಲಿ ವಾಪಸ್ ಬರುತ್ತದೆ, ಎರಡು ಸಲ ಹಾಗಾಗಿದೆ. ವಾಪಸ್ ತಂದವರಿಗೆ ನಾನು ಬೈಯುವುದಿಲ್ಲ. ಬೀದಿಗೆ ಬಿಡದೆ ನಮ್ಮ ಬಾಗಿಲಿಗೆ ತಂದರಲ್ಲ, ಅಷ್ಟು ಸಾಕು.

ಕೊಡುವ ವಾರ ಹಾಸಿಗೆ ಬಟ್ಟೆ ಒಗೆಯುವುದಿಲ್ಲ. ಬ್ಲೌಸಿನ ಲೈನಿಂಗ್ ಮಿಕ್ಕಿದ ತುಂಡುಗಳನ್ನು ಜೋಡಿಸಿ ನಾನೇ ಹೊಲಿದ ಚಿಕ್ಕ ಹಾಸಿಗೆ ಅದು, ಅಕ್ಕತಂಗಿಯರು ಅಂಟಿಕೊಂಡು ಮಲಗಿದ ವಾಸನೆ ಅದರಲ್ಲೇ ಇರುತ್ತದೆ. ಅದರಿಂದ ಒಂದು ತುಂಡು ಕತ್ತರಿಸಿ, ಅಂಚು ಮಡಿಚಿ ಹೊಲಿದು ಮರಿಯ ಜೊತೆ ಕಳಿಸುತ್ತೇನೆ. ಹೊಸ ಮನೆಯಲ್ಲಿ ಮೊದಲ ರಾತ್ರಿ ಅಳುತ್ತದೆ, ಎಲ್ಲ ಮರಿಯೂ ಅಳುತ್ತದೆ, ಆ ತುಂಡಿನ ಮೇಲೆ ಮೂಗಿಟ್ಟರೆ ಬೇಗ ಸುಮ್ಮನಾಗುತ್ತದೆ. ಹಾಸಿಗೆ ಮುಗಿಯುವಷ್ಟರಲ್ಲಿ ಮರಿಗಳೂ ಮುಗಿದಿರುತ್ತವೆ.

ಮೊನ್ನೆ ಒಬ್ಬರು ಗಿರಾಕಿ ಮತ್ತೆ ಇದೇ ಪ್ರಶ್ನೆ ಕೇಳಿದಾಗ ಒಳಗಿಂದ ಅತ್ತೆ ಹೇಳಿದರು, "ಮಗಳ ಬಾಣಂತನ ಮಾಡಿ ಮೂರು ತಿಂಗಳಿಗೋ ಐದು ತಿಂಗಳಿಗೋ ಮಡಿಲು ತುಂಬಿ ಕಳಿಸಲ್ವಾ? ಮನಸ್ಸು ಬರುತ್ತೆ ಅಂತ ಕಳಿಸ್ತೀವಾ?" ನಾನು ಇಷ್ಟು ಉದ್ದ ಬರೆದದ್ದನ್ನು ಅವರು ಸೌತೆಕಾಯಿ ಹೆಚ್ಚುತ್ತಾ ಹೇಳಿ ಮುಗಿಸಿದರು.

ಕಡ್ಲೆ ಮತ್ತು ಉದ್ದು ಜೊತೆಯಾಗಿ ಮಧುಗಿರಿಗೆ ಹೋದವು. ತೊಗರಿ ಇಲ್ಲೇ ಸಿದ್ಧಗಂಗಾ ಮಠದ ದಾರಿಯಲ್ಲಿ, ಕ್ಯಾತ್ಸಂದ್ರದ ಒಂದು ಮನೆಯಲ್ಲಿದೆ. ಅವರೆ ಈಗ 900 ಗ್ರಾಂ, ನೀಲಿ ಇದ್ದ ಕಣ್ಣು ಹಸಿರಾಗಿದೆ, ನಾನು ಮಿಷನ್ ತುಳಿಯುವಾಗ ದಾರದ ಉಂಡೆ ಜೊತೆ ಕಾಲ ಹತ್ತಿರವೇ ಇರುತ್ತದೆ. ಭಾನುವಾರ ಬೆಂಗಳೂರಿನಿಂದ ಅಮ್ಮ ಮಗಳು ಬರುತ್ತಾರೆ. ಎರಡು ಸಲ ಬಂದು ನೋಡಿ ಹೋಗಿದ್ದಾರೆ, ಕಿಟಕಿಗಳಿಗೆ ಬಲೆ ಹಾಕಿಸಿದ ಫೋಟೋ ಕಳಿಸಿದ್ದಾರೆ. ಹಾಸಿಗೆಯ ಕೊನೆ ತುಂಡಿಗೆ ನಿನ್ನೆ ಅಂಚು ಹೊಲಿದೆ. ಸೋಮವಾರ ಡಬ್ಬ ತೊಳೆದು ಬಿಸಿಲಿಗೆ ಇಡಬೇಕು. ಶಿರಾ ಗೇಟ್ ಹತ್ತಿರ ಕಾಲು ಮುರಿದ ನಾಯಿಮರಿಯೊಂದಕ್ಕೆ ಪಟ್ಟಿ ಕಟ್ಟಿಸಿದ್ದಾರಂತೆ, ಮಂಗಳವಾರ ಕರೆತರುತ್ತೇವೆ ಅಂದಿದ್ದಾರೆ. ಬರಲಿ ಅಂದಿದ್ದೇನೆ.